ರೇಷ್ಮೆ ಎಳೆ ಕಟ್ಟಿದ ಕೊನೆಯ ಅಧ್ಯಾಯ

ಪುಸ್ತಕ ಕೊಟ್ಟು ಎಂಟು ದಿನವಾಯಿತು. ರಾಜಶ್ರೀಯಿಂದ ಹೂಂ ಇಲ್ಲ, ಹಾಂ ಇಲ್ಲ. ಪರಮಾನಂದ ದಿನಾ ಅವಳ ದಾರಿ ಕಾಯುತ್ತಿದ್ದ.

ಬನಹಟ್ಟಿಯ ಲೈಬ್ರರಿಯಲ್ಲಿ ಇಬ್ಬರ ಕೈಯೂ ಒಂದೇ ಪುಸ್ತಕದ ಮೇಲೆ ಬಿದ್ದು ಆದ ಪರಿಚಯ. ಕನ್ನಡಕ್ಕೆ ಅನುವಾದವಾದ ಜಪಾನಿ ಪತ್ತೇದಾರಿ ಕಾದಂಬರಿ ಅದು. ಹಿಮ ಸುರಿಯುವ ದ್ವೀಪ, ಹಳೆಯ ವಸತಿಗೃಹ, ಆರು ಮಂದಿ, ಒಂದು ಹೆಣ. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದರೂ ಓದುತ್ತ ಇಬ್ಬರಿಗೂ ಚಳಿ ಹತ್ತುತ್ತಿತ್ತು. ವಾರಕ್ಕೊಬ್ಬರಂತೆ ಓದಿದರು. ಕೊನೆಯ ಅಧ್ಯಾಯಕ್ಕೆ ಮಾತ್ರ ನೇಕಾರರ ಮನೆಯ ರಾಜಶ್ರೀ ಕೆಂಪು ರೇಷ್ಮೆ ಎಳೆ ಸುತ್ತಿ ಗಂಟು ಹಾಕಿದ್ದಳು.

"ಕೊಲಿ ಯಾರು ಮಾಡ್ಯಾರಂತ ಇಬ್ಬರೂ ಹೇಳೂ ತನಕಾ ಬಿಚ್ಚೂದಿಲ್ಲರಿ ಮತ್ತ," ಎಂದು ಕಣ್ಣು ಕಿರಿದು ಮಾಡಿ ನಕ್ಕಿದ್ದಳು.

ಅಡುಗೆಯ ಮುದುಕಿ ಎಂದು ಅವಳು ಅಂದೇ ಹೇಳಿದಳು. ಅವನು ಹೇಳಲಿಲ್ಲ. ಹೇಳಿದರೆ ಪುಸ್ತಕ ಮುಗಿಯುತ್ತದೆ, ಭೇಟಿಯೂ ಮುಗಿಯುತ್ತದೆ. ಅವಳಿಗೆ ತೇರದಾಳದ ಸಂಬಂಧ ಬಂದಿದೆ ಎಂದು ಕೇಳಿದ ದಿನ ಜೀವ ತಡೆಯದೆ ಎಳೆ ಬಿಚ್ಚಿ, ತನ್ನನ್ನು ಮದುವೆಯಾಗುವಿರಾ ಎಂದು ಬರೆದ ಚೀಟಿಯನ್ನು ಒಳಗಿಟ್ಟು, ಮತ್ತೆ ಹಾಗೇ ಗಂಟು ಹಾಕಿ ಕೊಟ್ಟಿದ್ದ.

ಈಗ ತೇರದಾಳದ ಬಸ್ಸಿನ ಕಿಟಕಿಯಲ್ಲಿ ರಾಜಶ್ರೀ, ಪಕ್ಕದಲ್ಲಿ ಸೋದರತ್ತೆ ರತ್ನಾಬಾಯಿ. ಸಂಜೆ ಗಂಡಿನವರೆದುರು ಅವಳು ಒಪ್ಪಿಗೆ ಹೇಳಬೇಕು. ಪರಮಾನಂದ ನಾಚಿಕೆ ಬಿಟ್ಟು ಕಿಟಕಿ ಹಿಡಿದ.

"ಚೀಟಿ ಓದಿದಿರೇನ್ರಿ?"

"ಯಾವ ಚೀಟಿರಿ?"

"ಕೊನಿ ಅಧ್ಯಾಯದಾಗಿಂದು!"

ಅವಳ ಮುಖ ಬಿಳುಚಿತು. ಚೀಲದಿಂದ ಪುಸ್ತಕ ತೆಗೆದಳು. ಎಳೆ ಇದ್ದಂತೇ ಇತ್ತು.

"ನೀವಿನ್ನೂ ಹೆಸರು ಹೇಳಿಲ್ಲಲ್ಲರಿ. ನಾ ಹೆಂಗ ಬಿಚ್ಚಲಿ?"

ತನ್ನ ಜಾಣತನಕ್ಕೆ ಅವನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

"ಡಾಕ್ಟರ್‌ರಿ! ಕೊಲಿ ಮಾಡಿದಾಂವ ಡಾಕ್ಟರ್!" ಎಂದು ಕೂಗುತ್ತ ಬಸ್ಸಿನ ಜೊತೆಗೇ ಓಡಿದ. ಸ್ಟ್ಯಾಂಡಿನವರೆಲ್ಲ ಗಾಬರಿಬಿದ್ದು ನೋಡಿದರು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಮುಗಿಯಿತು ಎಂದುಕೊಂಡು ಅವನು ರಸ್ತೆಯ ಬದಿ ಕುಸಿದು ಕುಳಿತ. ಅಳು ಬಂತು, ಅತ್ತ.

"ಏಳ್ರಿ."

ರಾಜಶ್ರೀ! ಏದುಸಿರು, ಬೆರಳಿಗೆ ಸುತ್ತಿದ ಕೆಂಪು ಎಳೆ. ದೂರದಲ್ಲಿ ರತ್ನಾಬಾಯಿ ಬೈಯುತ್ತ ಬರುತ್ತಿದ್ದಳು.

"ಕೊಲಿ... ಯಾರು ಮಾಡಿದ್ದು?" ಅವನು ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ಅದನ್ನ ಓದಿಲ್ಲರಿ. ಚೀಟಿ ಅಷ್ಟ ಓದೇನಿ."

"ಉತ್ತರ?"

"ಬಸ್ ಇಳದ ಬಂದೇನಲ್ಲರಿ, ಇನ್ನೇನ ಬೇಕು?" ಅವಳ ಕಣ್ಣು ತುಂಬಿತ್ತು. "ಮೊದಲ ಮನಿಗೆ ನಡ್ರಿ, ಅಪ್ಪಾಗ ಹೇಳೂಣು. ಕೊಲಿ ಆಮ್ಯಾಲ ನೋಡೂಣು."