ಜಾಲರಿಯ ಹಿಂದೆ ಕೂತವಳು

ಒಂದು ಇಡೀ ಬೇಸಿಗೆ ಆ ಮನುಷ್ಯ ದಿನಾ ಬೆಳಿಗ್ಗೆ ನನ್ನ ಅಮ್ಮನಿಗೆ ಗುಡ್ ಮಾರ್ನಿಂಗ್ ಹೇಳಿದ. ಕೇಳಿಸಿಕೊಂಡವಳು ನಾನು.

ನಮ್ಮ ಬೀದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕಿಟಕಿ ತೆರೆದರೆ ಫುಟ್‌ಪಾತಿನಲ್ಲಿ ಹೋಗುವವರು ನಮ್ಮ ತಟ್ಟೆಯಲ್ಲಿ ಏನಿದೆ ಎಂದು ನೋಡಿಕೊಂಡೇ ಹೋಗಬಹುದು. ಹಾಗಾಗಿ ಬಾಲ್ಟಿಮೋರಿನ ಈ ಭಾಗದಲ್ಲಿ ಬೇಸಿಗೆ ಬಂತೆಂದರೆ ಚಿತ್ರ ಬರೆದ ತಂತಿ ಜಾಲರಿಯನ್ನು ಕಿಟಕಿಗೆ ಕೂರಿಸುತ್ತೇವೆ. ಹೊರಗೆ ನಿಂತವರಿಗೆ ಚಿತ್ರ ಮಾತ್ರ ಕಾಣುತ್ತದೆ, ಒಳಗೆ ಕೂತವರಿಗೆ ಬೀದಿಯೆಲ್ಲ ಕಾಣುತ್ತದೆ. ನಮ್ಮ ಜಾಲರಿಯ ಮೇಲೆ ಕೆಂಪು ಹೆಂಚಿನ ಮನೆ, ಕೊಳ, ಎರಡು ಹಂಸ. ಬರೆದವರು ತೀರಿಕೊಂಡ ನನ್ನ ಅಪ್ಪ. ಆ ಕೆಲಸವನ್ನು ಅವರಿಂದ ನಾನೂ ಕಲಿತೆ. ಬಣ್ಣ ಯಾರಾದರೂ ಹಚ್ಚುತ್ತಾರೆ, ತೂತು ಮುಚ್ಚದಂತೆ ಹಚ್ಚುವುದೇ ಕಷ್ಟ.

ಆ ಹಂಸಗಳ ಹಿಂದಿನ ಕುರ್ಚಿ ನನ್ನ ಅಮ್ಮ ಲುಡ್ಮಿಲಾಳದು. ಹಾದುಹೋಗುವವರು ಗುಡ್ ಮಾರ್ನಿಂಗ್ ಎಂದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಮದುವೆಯ ಉಂಗುರದಿಂದ ಕಿಟಕಿಯ ಕಟ್ಟೆಯ ಮೇಲೆ ಎರಡು ಸಲ ತಟ್ಟುತ್ತಿದ್ದಳು. ಟಕ್ ಟಕ್. ಬೀದಿಗೆಲ್ಲ ಅದೇ ಅವಳ ಮಾತು.

ಕ್ರಿಸಾಂತೊ ಆರೂ ಮುಕ್ಕಾಲಿಗೆ ಬರುತ್ತಿದ್ದ. ಬಸ್ಸಿನಿಂದ ಇಳಿದು, ಊಟದ ಡಬ್ಬಿ ಹಿಡಿದು, ನಮ್ಮ ಬೀದಿಯ ತುದಿಯ ಹಡಗಿಗೆ ನಡೆದು ಹೋಗುತ್ತಿದ್ದ. ಅದು ನೌಕಾಪಡೆಯ ಆಸ್ಪತ್ರೆ ಹಡಗು. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಬಂದು ನಿಂತದ್ದು, ಈಗ ನನಗೆ ನಲವತ್ತನಾಲ್ಕು. ಮನೆಗಳಿಗಿಂತ ಎತ್ತರದ ಬಿಳಿ ಗೋಡೆ, ಅದರ ಮೇಲೆ ಕೆಂಪು ಶಿಲುಬೆ. ಎಲ್ಲಾದರೂ ಯುದ್ಧವೋ ಭೂಕಂಪವೋ ಆದರೆ ಹೋಗುತ್ತದೆ, ಮತ್ತೆ ಬಂದು ನಿಲ್ಲುತ್ತದೆ. ಐದು ದಿನ ಮುಂಚೆ ಹೇಳಿದರೆ ಸಾಕು, ಹೊರಡಲು ಸಿದ್ಧವಾಗಿರಬೇಕು. ಹಾಗೆ ಸಿದ್ಧವಾಗಿಡುವ ಕೆಲವೇ ಜನರಲ್ಲಿ ಅವನೊಬ್ಬ. ಬಾಯ್ಲರ್ ನೋಡಿಕೊಳ್ಳುತ್ತಿದ್ದ.

ಮನಿಲಾ ಕಡೆಯ ಮನುಷ್ಯ, ಐವತ್ತೊಂದು ವರ್ಷ, ಗಿಡ್ಡ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ನಮ್ಮ ಚರ್ಚಿನ ಹಾಲ್‌ನಲ್ಲಿ ಮೀನಿನ ಊಟ ಇರುತ್ತದೆ. ಹಡಗಿನವರೆಲ್ಲ ಬಂದು ಬಾಗಿಲ ಪಕ್ಕದ ಉದ್ದ ಮೇಜಿನಲ್ಲಿ ಕೂರುತ್ತಿದ್ದರು. ನಾನು ಮೀನಿನ ವಡೆಗೆ ಅರೆದ ಸಾಸಿವೆಯ ಹಳದಿ ಗೊಜ್ಜು ಹಚ್ಚಿ ಬಡಿಸುವ ಕಡೆ ನಿಲ್ಲುತ್ತಿದ್ದೆ. ವಾರದ ದಿನ ಶಾಲೆಯ ಅಡುಗೆಮನೆಯಲ್ಲೂ ನನ್ನದು ಅದೇ ಕೆಲಸ, ಕೈ ಪಳಗಿದೆ.

"ಸಾಸಿವೆ ಹಚ್ಚಲಾ?" ಎಂದು ಕೇಳಿದ್ದೆ, ಮೊದಲ ಸಲ.

"ಹಚ್ಚಿ. ನಿಲ್ಲಿಸಿ ಅನ್ನೋವರೆಗೂ."

ಹಚ್ಚಿದೆ. ವಡೆ ಮುಳುಗಿತು. ಅವನು ವಡೆಯನ್ನು ನೋಡುತ್ತಿರಲಿಲ್ಲ.

"ನೀವು ನಿಲ್ಲಿಸಿ ಅನ್ಲೇ ಇಲ್ಲ."

"ನಿಲ್ಲಿಸಿ ಅಂದ್ರೆ ಮುಂದಿನವರ ಕಡೆ ತಿರುಗ್ಬಿಡ್ತೀರಲ್ಲ."

ಎರಡು ವರ್ಷ ನಮ್ಮ ನಡುವೆ ನಡೆದದ್ದು ಅಷ್ಟೇ. ಇಷ್ಟು ಸಾಸಿವೆ, ಒಂದಿಷ್ಟು ನೋಟ. ಅವನಿಗೂ ಮಾತು ಮುಂದುವರಿಸಲು ಬರಲಿಲ್ಲ, ನನಗೂ.

ಕಳೆದ ಮೇ ತಿಂಗಳಲ್ಲಿ ಅಮ್ಮ ಮನೆ ಮುಂದಿನ ಅಮೃತಶಿಲೆಯ ಮೆಟ್ಟಿಲು ಉಜ್ಜುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದಮೇಲೆ ಮಹಡಿಯ ಮಂಚವೇ ಅವಳ ಲೋಕವಾಯಿತು. ಒಂದು ಬೆಳಿಗ್ಗೆ ನಾನು ಅವಳ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಕ್ರಿಸಾಂತೊ ಬಂದು ಜಾಲರಿಯ ಮುಂದೆ ನಿಂತ.

"ಗುಡ್ ಮಾರ್ನಿಂಗ್, ಮಿಸ್ ಲುಡ್ಮಿಲಾ. ಬಿದ್ರಿ ಅಂತ ಕೇಳ್ದೆ. ಇವತ್ತಾದ್ರೂ ಇದ್ದೀರೇನೋ ಅಂತ ನಿಂತೆ."

ಕಾದ. ಮುಖ ಬಾಡಿತು. ಹೋಗಲು ತಿರುಗಿದ. ನನ್ನ ಕೈ ನನ್ನನ್ನು ಕೇಳಲಿಲ್ಲ. ಕಾಫಿಯ ಚಮಚದಿಂದ ಕಟ್ಟೆಯ ಮೇಲೆ ಎರಡು ಸಲ ತಟ್ಟಿದೆ.

"ಬಂದ್ಬಿಟ್ರಾ ಕುರ್ಚಿಗೆ," ಎಂದ. ಅಷ್ಟು ಹಿಗ್ಗಿದ ಮುಖಕ್ಕೆ ನಿಜ ಹೇಳುವುದು ನನ್ನಿಂದಾಗಲಿಲ್ಲ. ಕಳ್ಳತನ ಶುರುವಾದದ್ದು ಹೀಗೆ.

ಚರ್ಚಿನಲ್ಲಿ ಸಿಕ್ಕಾಗ ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಿದ್ದ. ಪರವಾಗಿಲ್ಲ ಎನ್ನುತ್ತಿದ್ದೆ. ಬೆಳಿಗ್ಗೆ ಜಾಲರಿಯ ಮುಂದೆ ಮಾತ್ರ ಅವನಿಗೆ ಮಾತು ಹರಿಯುತ್ತಿತ್ತು. ಎರಡನೇ ಬಾಯ್ಲರ್ ಮುನಿಸಿಕೊಂಡಿದೆ ಎನ್ನುತ್ತಿದ್ದ. ಹಲ್ಲುನೋವಿನ ಕಥೆ ಹೇಳುತ್ತಿದ್ದ. ಹಡಗಿನಲ್ಲಿ ಸಾವಿರ ಮಂಚಗಳಿವೆ, ಎಲ್ಲದಕ್ಕೂ ಬಿಳಿ ಹೊದಿಕೆ ಹಾಸಿದೆ, ಯಾವುದರಲ್ಲೂ ಜನ ಇಲ್ಲ ಎಂದ. ಅವನ ತಾಯಿ ಸತ್ತ ಸುದ್ದಿ ಬಂದ ದಿನ ಊಟದ ಹೊತ್ತಿನಲ್ಲಿ ಆ ಮಂಚಗಳಲ್ಲೊಂದರ ಮೇಲೆ ಬೂಟು ಬಿಚ್ಚಿ ಮಲಗಿದ್ದನಂತೆ.

"ಅತ್ಬಿಟ್ಟೆ, ಮಿಸ್ ಲುಡ್ಮಿಲಾ. ಆಮೇಲೆ ಹೊದಿಕೆ ಸರಿಮಾಡಿ ಎದ್ದೆ. ಯಾರಿಗೂ ಹೇಳಿಲ್ಲ."

ಆ ದಿನ ನನ್ನಿಂದ ತಟ್ಟಲೂ ಆಗಲಿಲ್ಲ. ಜಾಲರಿಗೆ ಅಂಗೈ ಒತ್ತಿಕೊಂಡು ಕೂತೆ. ನಾನು ಅವನನ್ನು ಪ್ರೀತಿಸುತ್ತಿದ್ದೆ. ಅದು ನನಗೆ ಖಚಿತವಾಗಿ ತಿಳಿದದ್ದು ಆ ಬೆಳಿಗ್ಗೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವನು ಡಬ್ಬಿ ಕೆಳಗಿಟ್ಟು ನಿಂತ.

"ಇವತ್ತು ಬಾಯ್ಲರ್ ವಿಷ್ಯ ಅಲ್ಲ. ಹಡಗನ್ನ ನಾರ್ಫೋಕ್‌ಗೆ ಕರ್ಕೊಂಡು ಹೋಗ್ತಾರಂತೆ. ಇನ್ಮೇಲೆ ಅಲ್ಲೇ ಇರೋದಂತೆ. ಈ ಸಲ ಹೋದ್ರೆ ವಾಪಸ್ ಬರಲ್ಲ. ಅದರ ಜೊತೆ ನಾನೂ ಹೋಗ್ಬೇಕು."

ಅವನು ಇನ್ನೂ ಮುಗಿಸಿರಲಿಲ್ಲ.

"ನಿಮ್ಮ ಮಗಳ ವಿಷ್ಯ ಒಂದು ಕೇಳ್ಬೇಕು. ನನಗೆ ಮುಖ ನೋಡಿ ಕೇಳೋಕೆ ಬರಲ್ಲ, ಜಾಲರಿ ಇದೆ ಅಂತ ಕೇಳ್ತಾ ಇದೀನಿ. ಶುಕ್ರವಾರ ಆಗ್ಲಿ ಅಂತ ಎರಡು ವರ್ಷದಿಂದ ಕಾಯ್ತಾ ಇದೀನಿ. ಮೀನಿಗೋಸ್ಕರ ಅಲ್ಲ. ನನ್ನ ಜೊತೆ ಬರ್ತೀರಾ ಅಂತ ರೆಜೀನಾನ ಕೇಳ್ಲಾ? ಕೇಳು ಅಂದ್ರೆ ಎರಡು ಸಲ ತಟ್ಟಿ. ಬೇಡ, ಅವಳ ಪಾಡಿಗೆ ಅವಳನ್ನ ಬಿಡು ಅಂದ್ರೆ ಒಂದು."

ಜಾಲರಿಗೆ ಎಷ್ಟು ಹತ್ತಿರ ನಿಂತಿದ್ದನೆಂದರೆ ಅವನ ರೆಪ್ಪೆ ಬಡಿಯುವುದೂ ನನಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತಿದ್ದದ್ದು ಹಂಸ. ಮೇಲೆ ಅಮ್ಮ ಮಲಗಿದ್ದಳು. ದಿನಕ್ಕೆ ನಾಲ್ಕು ಸಲ ಅವಳನ್ನು ಎತ್ತಿ ಕೂರಿಸಬೇಕು. ನಾರ್ಫೋಕ್ ನಾಲ್ಕೂವರೆ ಗಂಟೆಯ ದಾರಿ. ಅವನು ಎದುರಿಗೆ ಬಂದು ಕೇಳಿದರೆ ಅವನ ಮುಖ ನೋಡಿಕೊಂಡೇ ಆಗುವುದಿಲ್ಲ ಎನ್ನಬೇಕು. ಅದಕ್ಕೆ ಬೇಕಾದ ಧೈರ್ಯ ನನ್ನಲ್ಲಿರಲಿಲ್ಲ.

ಒಂದು ಸಲ ತಟ್ಟಿದೆ.

ಅವನು ಇನ್ನೊಂದಕ್ಕಾಗಿ ಕಾದ. ಬಹಳ ಹೊತ್ತು ಕಾದ. ಆಮೇಲೆ ಟೋಪಿ ತೆಗೆದ.

"ಆಗ್ಲಿ, ಮಿಸ್ ಲುಡ್ಮಿಲಾ. ಅರ್ಥ ಆಯ್ತು."

ಡಬ್ಬಿ ಎತ್ತಿಕೊಂಡು ಹಡಗಿನ ಕಡೆ ಹೋದ. ನಾನು ಶಾಲೆಗೆ ಹೋಗಿ ಮುನ್ನೂರು ಮಕ್ಕಳಿಗೆ ಊಟ ಬಡಿಸಿದೆ.

ಅಕ್ಟೋಬರಿನಲ್ಲಿ ಜಾಲರಿ ಬಿಚ್ಚಿ ಒಳಗಿಟ್ಟು ಪರದೆ ಎಳೆದೆ. ಅವನು ಆಮೇಲೂ ಗುಡ್ ಮಾರ್ನಿಂಗ್ ಹೇಳುತ್ತಿದ್ದ, ನಿಲ್ಲುತ್ತಿರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಆಚೆ ಬದಿಯ ಫುಟ್‌ಪಾತ್ ಹಿಡಿದ. ಹಡಗು ಹೋಗುವ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಇಷ್ಟು ವರ್ಷ ಅದರತ್ತ ತಲೆಯೆತ್ತಿ ನೋಡದವರೆಲ್ಲ ಜಾಲರಿಯ ಮೇಲೆ ಅದರ ಚಿತ್ರ ಬರೆದುಕೊಡಿ ಎಂದು ನನ್ನ ಬಳಿ ಬಂದರು. ಆ ಚಳಿಗಾಲದಲ್ಲಿ ಹನ್ನೊಂದು ಹಡಗು ಬರೆದೆ. ಪ್ರತಿಯೊಂದರಲ್ಲೂ ನೀರಿನ ಮಟ್ಟದ ಕೆಳಗೆ ಬಾಯ್ಲರ್ ಎಲ್ಲಿರಬಹುದು ಎಂದು ಯೋಚಿಸುತ್ತಿದ್ದೆ.

ಮಾರ್ಚ್ ಒಂದು, ಶುಕ್ರವಾರ, ಹೊರಡುವುದೆಂದು ಗೊತ್ತಾಯಿತು. ಹಿಂದಿನ ಸಂಜೆ ಅಮ್ಮನಿಗೆ ಸೂಪು ಕೊಡಲು ಮೇಲೆ ಹೋದೆ. ಅಷ್ಟರಲ್ಲಿ ಅವಳು ವಾಕರ್ ಹಿಡಿದು ಕೋಣೆಯೊಳಗೆ ನಡೆಯುವಷ್ಟಾಗಿದ್ದಳು.

"ನಾಳೆ ಹೋಗುತ್ತಂತಲ್ಲ," ಅಂದಳು.

"ಹೂಂ."

"ಅವನೂ ಹೋಗ್ತಾನೆ."

"ಯಾರು?"

"ಯಾರು ಅಂತೀಯಲ್ಲೇ. ಸೆಪ್ಟೆಂಬರ್‌ನಲ್ಲಿ ನನ್ನ ಕಿಟಕಿನೂ ತೆಗೆದೇ ಇತ್ತು. ನಾನು ಮುರ್ಕೊಂಡಿದ್ದು ಸೊಂಟ, ಕಿವಿ ಅಲ್ಲ."

ಸೂಪಿನ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು.

"ಮೂವತ್ತು ವರ್ಷ ಆ ಕಟ್ಟೆ ತಟ್ಟಿದೀನಿ. ಒಬ್ಬರಿಗೂ ಒಂದೇ ಸಲ ತಟ್ಟಿ ಕಳಿಸಿಲ್ಲ. ನನ್ನ ಹೆಸರಲ್ಲಿ ನೀನು ಅವನ ಮುಖಕ್ಕೆ ಬಾಗಿಲು ಹಾಕ್ದೆ."

"ನಿನ್ನ ಬಿಟ್ಟು ಹೇಗೆ ಹೋಗ್ಲಿ ಅಮ್ಮ?"

"ಹೋಗು ಅಂತ ಯಾರಂದ್ರು? ಕೇಳ್ಲಾ ಅಂದ ಅವನು. ನೀನು ಕೇಳೋಕೂ ಬಿಡ್ಲಿಲ್ಲ. ನನ್ನನ್ನ ನೆಪ ಮಾಡ್ಕೊಂಡೆ."

"ಇಷ್ಟು ದಿನ ಯಾಕೆ ಸುಮ್ನಿದ್ದೆ ಮತ್ತೆ?"

ಅಮ್ಮ ಉಂಗುರವನ್ನು ಬೆರಳಲ್ಲಿ ತಿರುಗಿಸಿದಳು. "ನೀನು ಹೋಗ್ಬಿಟ್ರೆ ಅಂತ ಹೆದರಿದೆ. ಅದಕ್ಕೇ ಸುಮ್ನಿದ್ದೆ. ನಂದೂ ತಪ್ಪೇ. ಆದ್ರೆ ಮುದುಕಿ ಬೇಡ ಅಂದ್ಳು ಅಂತ ಅಂದ್ಕೊಂಡು ಆ ಮನುಷ್ಯ ಊರು ಬಿಡೋದು ನನಗೆ ಬೇಡ ಕಣೇ. ನಿಜ ಹೇಳು. ಅಷ್ಟು ಮಾಡು."

ಬೆಳಿಗ್ಗೆ ಆರೂವರೆಗೆ ಕೆಳಗಿನ ಕಿಟಕಿಯ ಪರದೆ ಸರಿಸಿ, ಗಾಜನ್ನು ಮೇಲಕ್ಕೆತ್ತಿದೆ. ಜಾಲರಿ ಇರಲಿಲ್ಲ. ಕೋಟು ತೊಟ್ಟು ಅಮ್ಮನ ಕುರ್ಚಿಯಲ್ಲಿ ಕೂತೆ. ಕೈಯಲ್ಲಿ ಅದೇ ಚಮಚ. ಬೀದಿಯವರೆಲ್ಲ ನನ್ನನ್ನು ನೋಡಬಹುದಿತ್ತು. ಅಷ್ಟು ಬಯಲಲ್ಲಿ ನಾನು ಎಂದೂ ಕೂತವಳಲ್ಲ.

ಅವನು ಆಚೆ ಬದಿಯಲ್ಲಿ ಬಂದ, ಹೆಗಲ ಮೇಲೆ ಕ್ಯಾನ್ವಾಸ್ ಚೀಲ. ತಟ್ಟಿದೆ. ಟಕ್ ಟಕ್.

ನಿಂತ. ನನ್ನನ್ನು ನೋಡಿದ, ಚಮಚ ನೋಡಿದ. ರಸ್ತೆ ದಾಟಿ ಬಂದ.

"ಯಾವಾಗಿಂದ?"

"ಮೇ ತಿಂಗಳಿಂದ."

"ಹಲ್ಲುನೋವು?"

"ಕೇಳಿದೀನಿ."

"ಮಂಚದ ಮೇಲೆ ಮಲಗಿದ್ದು?"

"ಅದನ್ನೂ. ಯಾರಿಗೂ ಹೇಳಿಲ್ಲ."

ಅವನ ಮುಖ ಕೆಂಪಾಯಿತು. ಬೇರೆ ಕಡೆ ನೋಡಿದ. "ಒಂದು ಸಲ ತಟ್ಟಿದ್ದು?"

"ನಾನೇ. ಹೆದರಿಕೆ ಆಗಿತ್ತು ನನಗೆ. ಅಮ್ಮ ಬೇಡ ಅಂದಿರ್ಲೇ ಇಲ್ಲ."

ಅವನು ಚೀಲವನ್ನು ಮೆಟ್ಟಿಲ ಮೇಲಿಟ್ಟ. ಮತ್ತೆ ಎತ್ತಿಕೊಂಡು ಹೋಗಿಬಿಡುತ್ತಾನೆ, ಹೋದರೂ ಅದು ನ್ಯಾಯವೇ ಎಂದುಕೊಂಡೆ.

"ಚಳಿಗಾಲ ಪೂರ್ತಿ ನಿಮ್ಮಮ್ಮನ್ನ ಮನಸ್ಸಲ್ಲೇ ಬೈಕೊಂಡು ಓಡಾಡಿದೀನಿ," ಅಂದ ಕಡೆಗೆ.

ನಮ್ಮ ತಲೆಯ ಮೇಲೆ ಟಕ್ ಟಕ್ ಎಂದಿತು. ಮಹಡಿಯ ಗಾಜಿನ ಹಿಂದೆ ಅಮ್ಮ, ವಾಕರ್ ಹಿಡಿದು ನಿಂತಿದ್ದಳು. ಅವನು ಟೋಪಿ ತೆಗೆದು ಮೇಲೆ ನೋಡಿದ.

"ಕ್ಷಮಿಸಿ, ಮಿಸ್ ಲುಡ್ಮಿಲಾ."

ಮತ್ತೆ ಎರಡು ಸಲ. ಅವನು ಟೋಪಿಯನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದ.

"ಹಾಗಾದ್ರೆ ಈಗ ನಿನ್ನನ್ನೇ ಕೇಳ್ತೀನಿ. ನನ್ನ ಜೊತೆ ಬರ್ತೀಯಾ, ರೆಜೀನಾ?"

ಅಭ್ಯಾಸಬಲ, ನನ್ನ ಕೈ ಚಮಚ ಎತ್ತಿತು. ಅವನು ಕಿಟಕಿಯೊಳಗೆ ಕೈ ಹಾಕಿ ಅದನ್ನು ಹಿಡಿದುಕೊಂಡ. ಅವನ ಕೈ ಬೆಚ್ಚಗಿತ್ತು, ಎಣ್ಣೆಯ ವಾಸನೆ.

"ಇದು ಬೇಡ. ಬಾಯಲ್ಲಿ ಹೇಳು."

"ಬರೋಕಾಗಲ್ಲ," ಅಂದೆ. "ಅಮ್ಮ ಇದ್ದಾಳೆ. ಆದ್ರೆ ಶುಕ್ರವಾರಕ್ಕೆ ಕಾಯೋದು ನೀನೊಬ್ಬನೇ ಅಲ್ಲ. ನೀನು ಬೇಕು ನನಗೆ. ಮೇ ತಿಂಗಳಿಗಿಂತ ಮುಂಚಿನಿಂದಾನೂ ಬೇಕು. ನೀನು ಇಲ್ಲಿಗೆ ಬರ್ತೀಯಾ?"

"ನನ್ನ ಬದುಕು ಆ ಹಡಗು ಹೇಳಿದ ಹಾಗೆ. ಐದು ದಿನದಲ್ಲಿ ಹೊರಡು ಅಂದ್ರೆ ಹೊರಡ್ಬೇಕು. ಮಾತು ಕೊಡೋಕೆ ನನ್ನ ಕೈಲಿ ಜಾಸ್ತಿ ಏನಿಲ್ಲ."

"ಗೊತ್ತು. ಇಪ್ಪತ್ತೈದು ವರ್ಷದಿಂದ ನೋಡ್ತಿದೀನಿ ಅದನ್ನ."

ಅವನು ನನ್ನ ಕೈ ಬಿಟ್ಟ, ಚಮಚ ಬಿಡಲಿಲ್ಲ. ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ನಮ್ಮ ಬದಿಯ ಫುಟ್‌ಪಾತಿನಲ್ಲೇ ನಡೆದ.

ಹಡಗು ಹೊರಟಾಗ ಜನ ದಡದಲ್ಲಿ ಸೇರಿದ್ದರು. ನಾನು ಶಾಲೆಗೆ ರಜೆ ಹಾಕಿ ಅಮ್ಮನ ಜೊತೆ ಮಹಡಿಯ ಕಿಟಕಿಯಲ್ಲಿ ನಿಂತಿದ್ದೆ. ಬಿಳಿ ಗೋಡೆ ಎಷ್ಟು ನಿಧಾನ ಸರಿಯಿತೆಂದರೆ ಮೊದಲು ನಮ್ಮ ಬೀದಿಯೇ ಜರುಗಿದಂತೆ ಕಂಡಿತು. ಕೆಂಪು ಶಿಲುಬೆ ಮನೆಗಳ ಮಾಡಿನ ಹಿಂದೆ ಮರೆಯಾಯಿತು. ಆಮೇಲೆ ಬೀದಿಯ ತುದಿಯಲ್ಲಿ ಬರಿಯ ನೀರು. ಅವನು ಆಗ ಕೆಳಗೆ ಬಾಯ್ಲರಿನ ಮಾಪಕದ ಮುಳ್ಳು ನೋಡುತ್ತಿದ್ದಿರಬೇಕು, ಊರು ಹಿಂದೆ ಸರಿದದ್ದು ಅವನಿಗೆ ಕಂಡಿರಲಿಕ್ಕಿಲ್ಲ.

"ಆಚೆ ದಡ ಇಷ್ಟು ಹತ್ತಿರ ಇತ್ತಾ," ಅಂದಳು ಅಮ್ಮ. ನಾನು ಅತ್ತೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಮುಂದಿನ ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಬಾಗಿಲ ಪಕ್ಕದ ಉದ್ದ ಮೇಜಿಗೆ ಯಾರೋ ಮರೆತು ಎಂದಿನಂತೆ ಕಾಗದದ ಹಾಸು ಹಾಸಿದ್ದರು. ಅಲ್ಲಿ ಯಾರೂ ಕೂರಲಿಲ್ಲ. ಉಳಿದ ಮೇಜುಗಳಲ್ಲಿ ಜನ ಮೆಲ್ಲಗೆ ಮಾತಾಡುತ್ತಿದ್ದರು. ನಾನು ತಲೆ ತಗ್ಗಿಸಿ ಬಡಿಸುತ್ತಿದ್ದೆ. ಸಾಲು ಕರಗಿತ್ತು, ಬಾಣಲೆಯಲ್ಲಿ ಕಡೆಯ ನಾಲ್ಕು ವಡೆ ಉಳಿದಿದ್ದವು.

ಎದುರಿನ ಮೇಜಿನ ಮೇಲೆ ಟಕ್ ಟಕ್ ಎಂದಿತು.

ನಮ್ಮ ಮನೆಯ ಚಮಚ. ಹಿಡಿದಿದ್ದ ಕೈಯ ಉಗುರುಗಳಲ್ಲಿ ಎಣ್ಣೆ, ಕಿವಿಯ ಹಿಂದೆ ಪೆನ್ಸಿಲ್. ಬಸ್ಸಿನಲ್ಲಿ ಕೂತು ಕೂತು ಕೋಟು ಮುದುಡಿತ್ತು.

"ಭಾನುವಾರ ಸಂಜೆ ವಾಪಸ್ ಹೋಗ್ಬೇಕು," ಅಂದ.

"ಸಾಸಿವೆ ಹಚ್ಚಲಾ?" ಅಂದೆ.

"ಹಚ್ಚು. ನಿಲ್ಲಿಸು ಅನ್ನೋವರೆಗೂ."

ಹಚ್ಚಿದೆ. ಆಮೇಲೆ ಏಪ್ರನ್ ಬಿಚ್ಚಿಟ್ಟು, ನನಗೂ ಒಂದು ತಟ್ಟೆ ತೆಗೆದುಕೊಂಡೆ. ಆ ಸಂಜೆ ಹಡಗಿನವರ ಮೇಜಿನಲ್ಲಿ ನಾವಿಬ್ಬರೇ ಕೂತು ಊಟ ಮಾಡಿದೆವು.