ಅಣ್ಣ ಮುಚ್ಚಿದ ಮುಚ್ಚಳ

"ಕೂತ್ಕೊಳಿ," ಎಂದಳು ಅವಳು, ತಲೆ ಎತ್ತಿಯೂ ನೋಡದೆ. ಅವನು ಕೂತ.

ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆ. ಅವಳು ಅವನ ಮೂಗಿನ ಮೇಲೆ ಭಾರದ ಫ್ರೇಮ್ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಅಕ್ಷರಗಳನ್ನು ಓದಿಸಿದಳು. ಟಾರ್ಚ್ ಹಿಡಿದು ಕಣ್ಣೊಳಗೆ ಬಗ್ಗಿ ನೋಡಿದಳು. ಅವನು ಉಸಿರು ಬಿಗಿಹಿಡಿದು, ಒಳ್ಳೆಯ ಹುಡುಗನ ಹಾಗೆ ಕೊನೆಯ ಸಾಲಿನ ಸಾಸಿವೆಯಂಥ ಅಕ್ಷರಗಳನ್ನೂ ಓದಿ ಒಪ್ಪಿಸಿದ.

"ನಿಮಗೆ ಕನ್ನಡಕ ಬೇಕಾಗೇ ಇಲ್ವಲ್ರೀ! ಯಾಕೆ ಬಂದ್ರಿ?"

"ಬೈಕ್ ನೋಡೋಕೆ. ಮಾರಾಟಕ್ಕಿದೆ ಅಂತ ಹೊರಗೆ ಗಾಜಿನ ಮೇಲೆ ಚೀಟಿ ಅಂಟಿಸಿದೀರಲ್ಲ."

"ಮೊದಲೇ ಹೇಳೋಕೇನಾಗಿತ್ತು?"

"ಹೇಳೋಣ ಅಂತಲೇ ಇದ್ದೆ. ನೀವು ಇಷ್ಟು ಹತ್ತಿರ ಬಂದು ನೋಡಿದ್ರಿ. ಬಾಯಿ ಕಟ್ಟಿಹೋಯ್ತು."

ಅವಳಿಗೆ ನಗು ಬಂತು. ಕತ್ತಲೆ ಕೋಣೆಯಾಗಿದ್ದು ಒಳ್ಳೆಯದಾಯಿತು, ಮುಖ ಕೆಂಪಾಗಿದ್ದು ಕಾಣಲಿಲ್ಲ. ಆ ಚೀಟಿ ಓದಿ ಅದುವರೆಗೆ ಬಂದವರೆಲ್ಲ ಬೈಕಿನ ಮುಂದೆ ಫೋಟೋ ಹೊಡೆಸಿಕೊಂಡು, ಅದರ ಸದ್ದು ಕೇಳಿ ಕಾಲು ಕಿತ್ತಿದ್ದರು. ಇವನೂ ಹಾಗೇ ಹೋದಾನು ಅಂದುಕೊಂಡಳು. ಹೋಗಿದ್ದರೆ ಚೆನ್ನಾಗಿತ್ತೇನೋ ಎಂದು ಮುಂದೊಂದು ದಿನ ಎದೆ ಒಡೆದುಕೊಳ್ಳುವ ಹಾಗಾಗುತ್ತದೆ ಎಂಬುದು ಆಗ ಅವಳಿಗೆ ಗೊತ್ತಿರಲಿಲ್ಲ.

ಬೈಕು ಅವಳ ಅಣ್ಣನದು. ಕೆಂಪು ಬಣ್ಣದ ಇಟಲಿಯ ಗಾಡಿ. ಅವನೂ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅಣ್ಣ ಹೋಗಿ ಎರಡು ವರ್ಷ. ಬೈಕಿನಿಂದ ಬಿದ್ದಲ್ಲ, ಎದೆಯ ಕಾಯಿಲೆಯಿಂದ, ಆಸ್ಪತ್ರೆಯ ಮಂಚದ ಮೇಲೆ. ಆದರೂ ಅಮ್ಮನ ಲೆಕ್ಕದಲ್ಲಿ ತಪ್ಪು ಬೈಕಿನದೇ.

"ಕೇಳು ಅದರ ಸದ್ದು," ಎನ್ನುತ್ತಿದ್ದಳು ಅಮ್ಮ. "ಕೊನೆಗೆ ಅವನ ಎದೆಯೊಳಗೂ ಹಿಂಗೇ ಗರಗರ ಅಂತಿತ್ತು. ಅದು ಸುಮ್ನೆ ನಿಂತಿಲ್ಲ ಪುಟ್ಟಿ. ಕಾಯ್ತಾ ಇದೆ."

ಆ ಗಾಡಿಗಳ ಕ್ಲಚ್ಚೇ ಹಾಗೆ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚು, ನಿಂತಲ್ಲೇ ಸ್ಟೀಲ್ ಚಮಚಗಳ ಡಬ್ಬಿ ಅಲುಗಾಡಿಸಿದ ಹಾಗೆ ಗಲಗಲ ಎನ್ನುತ್ತದೆ. ಇದು ಅವಳಿಗೂ ಗೊತ್ತಿತ್ತು. ಆದರೂ ಸಂಜೆ ಹೊತ್ತು ಮನೆಯ ಪಕ್ಕದ ಶೆಡ್ಡಿನ ಬಾಗಿಲು ತೆರೆದು, ಹೊದಿಕೆಯ ಕೆಳಗೆ ಮುಂಚಕ್ರ ಒಂದು ಕಡೆಗೆ ವಾಲಿಸಿಕೊಂಡು ನಿಂತ ಆ ಆಕಾರ ಕಂಡಾಗ ಅವಳಿಗೂ ಮೈ ಜುಂ ಎನ್ನುತ್ತಿತ್ತು.

ಆದರೆ ಇವನು ಓಡಿಹೋಗಲಿಲ್ಲ. ಶೆಡ್ಡಿಗೆ ಬಂದು, ಸದ್ದು ಕೇಳಿ ಕಣ್ಣರಳಿಸಿ, ಮಂಡಿಯೂರಿ ಕೂತುಬಿಟ್ಟ. ಲಿಫ್ಟ್ ರಿಪೇರಿ ಅವನ ಕೆಲಸ. ಎತ್ತರದ ಕಟ್ಟಡಗಳ ಕತ್ತಲೆ ಬಾವಿಗಳೊಳಗೆ ಇಳಿದು ಉಕ್ಕಿನ ಹಗ್ಗಗಳನ್ನು ಎಳೆಎಳೆಯಾಗಿ ಮುಟ್ಟಿ ನೋಡುವವನು.

"ವಾರಾ ವಾರಾ ಸ್ಟಾರ್ಟ್ ಮಾಡ್ತೀನಿ, ಐದೇ ನಿಮಿಷ," ಎಂದಳು ಅವಳು ಹೆಮ್ಮೆಯಿಂದ. "ಜೀವ ಹೋಗಬಾರದಲ್ಲ ಅಂತ."

"ಅಯ್ಯೋ, ಅದೇ ಒಳ್ಳೇದಲ್ಲರೀ. ಸರಿಯಾಗಿ ಬಿಸಿಯಾಗೋಕೆ ಮುಂಚೆ ಆಫ್ ಮಾಡಿದ್ರೆ ಒಳಗಿನ ತೇವ ಆರದೆ ಎಣ್ಣೆಗೆ ನೀರು ಸೇರುತ್ತೆ."

ಅವಳ ಮುಖ ಸಪ್ಪಗಾಯಿತು. ಎರಡು ವರ್ಷ ಪ್ರೀತಿಯಿಂದ ಮಾಡಿದ್ದೆಲ್ಲ ಕೆಡುಕೇ ಆಯಿತೇ? ಅವನು ಅದನ್ನು ನೋಡಿ ಗಡಿಬಿಡಿಯಲ್ಲಿ, "ಎಣ್ಣೆ ತಾನೇ, ಬದಲಾಯಿಸಿದ್ರಾಯ್ತು. ನೀವು ಮುಖ ಹಿಂಗ್ ಮಾಡ್ಬೇಡಿ, ನೋಡೋಕಾಗಲ್ಲ," ಎಂದ.

ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ. "ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು?"

ಎಂಜಿನ್ನಿನ ಪಕ್ಕದ ಕಪ್ಪು ಮುಚ್ಚಳದೊಳಗೆ ಎರಡು ರಬ್ಬರ್ ಬೆಲ್ಟುಗಳಿವೆ, ಓಡಿಸದೆ ಇಟ್ಟರೂ ಅವಕ್ಕೆ ವಯಸ್ಸಾಗುತ್ತದೆ ಎಂದು ಅವನು ತೋರಿಸಿ ಹೇಳಿದ.

"ತುಂಡಾದ್ರೆ?"

"ಎಂಜಿನ್ನೊಳಗೆ ವಾಲ್ವು, ಪಿಸ್ಟನ್ನು ಒಂದಕ್ಕೊಂದು ಬಡಿದು ಪುಡಿಪುಡಿ. ಸ್ಪೀಡಲ್ಲಿದ್ದಾಗ ಆದ್ರೆ ಹಿಂದಿನ ಚಕ್ರ ಕಚ್ಚಿಕೊಂಡುಬಿಡಬಹುದು. ಆಮೇಲೆ ಓಡಿಸೋನ ಹಣೆಬರಹ."

"ಅದೊಂದು ಭಯ ಬೇಡ. ಅಣ್ಣ ಹೊಸದು ಹಾಕಿದಾನೆ. ನಾನೇ ಕಣ್ಣಾರೆ ನೋಡಿದೀನಿ." ಅವಳ ದನಿ ತಗ್ಗಿತು. "ಆಸ್ಪತ್ರೆಗೆ ಸೇರೋ ಹಿಂದಿನ ದಿನ. ಇಲ್ಲೇ ಕೂತು ಮುಚ್ಚಳ ತಿರುಪು ಹಾಕ್ತಿದ್ದ. ಆಯ್ತಾ ಅಣ್ಣ ಅಂದೆ. ಹೂಂ ಆಯ್ತು ಅಂದ. ಅದೇ ಅವನ ಕೊನೇ ಕೆಲಸ. ಆ ಮುಚ್ಚಳ ಒಂದು ಬಿಚ್ಚಬೇಡಿ, ಆಗುತ್ತಾ?"

ಹಗ್ಗದ ವಿಷಯದಲ್ಲಿ ಹೆತ್ತಪ್ಪನ ಮಾತನ್ನೂ ನಂಬದವನು ಅವನು. ಕೈಯಿಂದ ಮುಟ್ಟಿ ನೋಡದೆ ಯಾವ ಲಿಫ್ಟಿಗೂ ಜನ ಹತ್ತಿಸಿದವನಲ್ಲ. ಆದರೆ ಅವಳು ನೀರು ತುಂಬಿದ ಕಣ್ಣಲ್ಲಿ ಕೇಳುತ್ತಿದ್ದಳು. ತಿರುಪಿನ ಮೇಲಿಟ್ಟಿದ್ದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

"ಆಯ್ತು," ಎಂದ. "ನಿಮ್ಮ ಮಾತು ಸಾಕು."

ಪ್ರೀತಿ ಬಂದರೆ ಬುದ್ಧಿ ಎಲ್ಲಿ ಹೋಗಿ ಅಡಗುತ್ತದೋ ಯಾರು ಬಲ್ಲರು!

ಬೈಕು ಅವನದಾಯಿತು. ಆದರೆ ಅವನ ಬಾಡಿಗೆ ರೂಮಿನ ಕೆಳಗೆ ಸೈಕಲ್ ನಿಲ್ಲಿಸಲೂ ಜಾಗವಿರಲಿಲ್ಲ. ರಿಪೇರಿ ಮುಗಿಯುವ ತನಕ ಶೆಡ್ಡಿನಲ್ಲೇ ಇರಲಿ ಎಂದಾಯಿತು. ರಜೆ ಬಂದಾಗಲೆಲ್ಲ ಅವನು ಬಂದ. ಎಣ್ಣೆ ಇಳಿಸಿದ, ಬ್ಯಾಟರಿ ಬದಲಾಯಿಸಿದ, ಕಲ್ಲಿನಂತೆ ಗಟ್ಟಿಯಾಗಿದ್ದ ಟೈರುಗಳನ್ನು ತೆಗೆಸಿದ. ಅವಳು ಬಗ್ಗಿ ಟಾರ್ಚ್ ಹಿಡಿಯುವಳು. ಬೆಳಕು ಮೆಲ್ಲಗೆ ಚೈನಿನಿಂದ ಅವನ ಮುಖಕ್ಕೆ ಜಾರುವುದು.

"ಡಾಕ್ಟ್ರೇ, ನಟ್ಟು ಕೆಳಗಿದೆ."

"ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳ್ಬೇಕು ಲಿಫ್ಟ್ ಸಾಹೇಬ್ರೆ? ಕಣ್ಣಿನ ನಂಬರ್ ಹೇಳೋಳು, ಅಷ್ಟೇ."

"ಹಂಗಾದ್ರೆ ನನ್ನ ಕಣ್ಣಲ್ಲಿ ಏನಿದೆ ಹೇಳಿ ನೋಡೋಣ."

"ಗ್ರೀಸ್," ಎಂದು ಅವಳು ದುಪಟ್ಟಾದ ತುದಿಯಿಂದ ಅವನ ರೆಪ್ಪೆಯ ಪಕ್ಕ ಒರೆಸಿದಳು. ಒರೆಸಿ ಮುಗಿದ ಮೇಲೂ ಕೈ ಅಲ್ಲೇ ಇತ್ತು.

ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ಅವಳು ಅವನೊಡನೆ ಮಾತಾಡುತ್ತಿರಲಿಲ್ಲ, ಅವನಿಗೆ ಒಂದು ಲೋಟ ನೀರೂ ಕೊಡುತ್ತಿರಲಿಲ್ಲ. ಸಿಟ್ಟಲ್ಲ ಅದು. ಮತ್ತೊಬ್ಬ ಹುಡುಗನನ್ನು ಹಚ್ಚಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

ಒಂದು ಬೆಳಿಗ್ಗೆ ಅವನು ಮೊದಲ ಸಲ ದೂರ ಹೊರಟ. ಬೆಟ್ಟದ ತುದಿಗೆ ಹೋಗಿ ಬರುತ್ತೇನೆ ಎಂದ. ಗೇಟಿನ ಹತ್ತಿರ ಹೆಲ್ಮೆಟ್ ಹಾಕಿಕೊಳ್ಳುತ್ತ, "ನೀವೂ ಬನ್ನಿ," ಎಂದ.

"ಇವತ್ತು ಅಂಗಡಿ. ಮುಂದಿನ ವಾರ ಖಂಡಿತ ಹಿಂದೆ ಕೂರ್ತೀನಿ. ಬೇಗ ಬನ್ನಿ, ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

"ಈಗಲೇ ಹೇಳಿ."

"ಊಹೂಂ. ಬಂದ ಮೇಲೆ."

ಬೈಕು ಗಲಗಲ ಎನ್ನುತ್ತ ತಿರುವು ದಾಟಿತು. ಅಮ್ಮ ಬಾಗಿಲಲ್ಲೇ ನಿಂತು, ಸದ್ದು ಪೂರ್ತಿ ಅಡಗುವ ತನಕ ಕೇಳಿಸಿಕೊಂಡಳು. ಆಮೇಲೆ ಏನೋ ಒಂದು ತೀರ್ಮಾನಕ್ಕೆ ಬಂದವಳ ಹಾಗೆ ಒಳಗೆ ಹೋಗಿ ಅಟ್ಟದಿಂದ ಮಗನ ಬೈಕ್ ಬೂಟುಗಳನ್ನು ಇಳಿಸಿದಳು.

"ಆ ಹುಡುಗನ ಕಾಲಿಗೆ ಆಗುತ್ತೇನೋ ನೋಡು ಪುಟ್ಟಿ. ಆ ಚಪ್ಪಲಿ ಹಾಕ್ಕೊಂಡು ಓಡಿಸ್ತಾನಲ್ಲ, ನೋಡಿದ್ರೆ ಕರುಳು ಚುರ್ ಅನ್ನುತ್ತೆ."

ಅಂಗಡಿಗೆ ಹೊರಟಿದ್ದ ಅವಳು ನಗುತ್ತ ಬೂಟನ್ನು ತಲೆಕೆಳಗು ಮಾಡಿ ಕೊಡವಿದಳು. ಧೂಳಿನ ಜೊತೆ ಏನೋ ಬಿತ್ತು. ಸೀಲು ಒಡೆಯದ ಪ್ಲಾಸ್ಟಿಕ್ ಪ್ಯಾಕೆಟ್. ಒಳಗೆ ಹಲ್ಲುಹಲ್ಲಿನ ಎರಡು ಕಪ್ಪು ಬೆಲ್ಟುಗಳು, ಹೊಚ್ಚಹೊಸವು.

ಅವಳು ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

ಅಣ್ಣ ಮುಚ್ಚಳ ಬಿಚ್ಚಿದ್ದ, ನಿಜ. ಬಿಚ್ಚಿ, ಉಸಿರು ಸಾಲದೆ, ಹಾಗೇ ಮುಚ್ಚಿ, ಹೊಸ ಬೆಲ್ಟುಗಳನ್ನು ಬೂಟಿನೊಳಗೆ ಅಡಗಿಸಿದ್ದ. ತಂಗಿ ಹೆದರಬಾರದೆಂದು ಆಯ್ತು ಎಂದಿದ್ದ. ಆ ಸುಳ್ಳನ್ನು ಅವಳು ಎರಡು ವರ್ಷ ಜೋಪಾನ ಮಾಡಿ, ತಾನು ಪ್ರೀತಿಸುವವನ ಕೈಗೆ ಕೊಟ್ಟಿದ್ದಳು.

ಫೋನ್ ಮಾಡಿದಳು. ರಿಂಗಾಯಿತು. ಶೆಡ್ಡಿನೊಳಗಿಂದ ಕೇಳಿಸಿತು. ಸ್ಪ್ಯಾನರುಗಳ ನಡುವೆ ಅವನ ಫೋನು ಬೆಳಗುತ್ತ, ನಡುಗುತ್ತ ಬಿದ್ದಿತ್ತು.

"ಏನಾಯ್ತೇ?" ಎಂದಳು ಅಮ್ಮ. ಮಗಳ ಮುಖ ನೋಡಿ ಮತ್ತೆ ಕೇಳಲಿಲ್ಲ. ಗೇಟಿನ ಕಂಬ ಹಿಡಿದು ನಿಂತಳು. "ಹೋಗು," ಎಂದಳು. "ಕರ್ಕೊಂಡು ಬಾ."

ಅವಳ ಸ್ಕೂಟರಿಗೆ ಬೆಟ್ಟ ಹತ್ತುವುದೆಂದರೆ ಅಳು. ಪ್ರತಿ ತಿರುವಿನಲ್ಲೂ ಅವಳು ಮೊದಲು ರಸ್ತೆ ನೋಡಿದಳು, ಆಮೇಲೆ ಅಂಚಿನ ಕಲ್ಲುಗಳನ್ನು, ಆಮೇಲೆ ಕೆಳಗಿನ ಕಣಿವೆಯನ್ನು. ಒಂದು ಕಡೆ ಟೈರು ಉಜ್ಜಿದ ಉದ್ದನೆಯ ಕಪ್ಪು ಗೆರೆ ತಡೆಗೋಡೆಯ ತನಕ ಹೋಗಿತ್ತು. ಹತ್ತಿರ ಹೋಗಿ ಇಣುಕಿದಳು. ಯಾವುದೋ ಹಳೆಯ ಲಾರಿಯದು. ಮಾಸಿದ ಗೆರೆಯ ಮೇಲೆ ಒಣಹುಲ್ಲು ಬಿದ್ದಿತ್ತು. ಅಣ್ಣಾ, ಒಬ್ಬನೇ ಸಾಕು, ಇನ್ನೊಬ್ಬ ಬೇಡ ಎಂದು ಅವಳು ಜೋರಾಗಿ ಅತ್ತುಕೊಂಡೇ ಸ್ಕೂಟರು ಹತ್ತಿಸಿದಳು.

ರಸ್ತೆ ರಿಪೇರಿಯವರ ತಗಡಿನ ಗುಡಿಸಲಿನ ಪಕ್ಕ ಕೆಂಪು ಕಂಡಿತು.

ಬೈಕು ನಿಂತಿತ್ತು. ಅವನು ನೆಲದ ಮೇಲೆ ಕೂತಿದ್ದ. ಬೈಕಿನ ಪಕ್ಕದ ಕಪ್ಪು ಮುಚ್ಚಳ ಅವನ ತೊಡೆಯ ಮೇಲಿತ್ತು, ತಿರುಪುಗಳು ಕರ್ಚೀಫಿನಲ್ಲಿ. ಅವಳನ್ನು ಕಂಡು ಕಳ್ಳನ ಹಾಗೆ ಎದ್ದು ನಿಂತ.

"ಅಣ್ಣ ಹಾಕಿರಲಿಲ್ಲ," ಎಂದಳು ಅವಳು. ಪ್ಯಾಕೆಟ್ಟನ್ನು ಚಾಚಿದಳು.

"ಗೊತ್ತಾಯ್ತು." ಅವನು ಪಕ್ಕಕ್ಕೆ ಸರಿದ. ಬೆಲ್ಟಿನ ಮೇಲೆಲ್ಲ ಒಡೆದ ನೆಲದಂಥ ಬಿರುಕು. ಒಂದು ಕಡೆ ಅಂಚು ಹರಿದು ನಾಲ್ಕೆಂಟು ಎಳೆಗಳು ಆಚೆ ಬಂದಿದ್ದವು. "ಇನ್ನೆರಡು ತಿರುವು ಬರ್ತಿತ್ತೋ ಇಲ್ವೋ."

"ಬಿಚ್ಚಬೇಡಿ ಅಂದಿದ್ದೆ. ಯಾಕೆ ಬಿಚ್ಚಿದ್ರಿ?" ಎಂಥ ಪ್ರಶ್ನೆ! ಆದರೆ ಅದೇ ಬಾಯಿಗೆ ಬಂತು.

ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿದ. "ಮುಂದಿನ ವಾರ ಹಿಂದೆ ಕೂರ್ತೀನಿ ಅಂದ್ರಲ್ಲ. ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ನನ್ನೊಬ್ಬನ ಜೀವಕ್ಕೆ ನಿಮ್ಮ ಮಾತು ಸಾಕಿತ್ತು. ನೀವು ಕೂರೋದಾದ್ರೆ ಸಾಲದು ಅನ್ನಿಸ್ತು. ಇಲ್ಲಿ ನಿಲ್ಲಿಸಿ, ಗುಡಿಸಲಿನವರ ಹತ್ರ ಸ್ಪ್ಯಾನರ್ ಇಸ್ಕೊಂಡು ಬಿಚ್ಚಿದೆ."

ಅವಳು ಬಗ್ಗಿ ಹರಿದ ಎಳೆಗಳನ್ನು ಮುಟ್ಟಿ ನೋಡಿದಳು.

"ಆಮೇಲೆ ನಿಮಗೆ ಹೆಂಗ್ ಹೇಳೋದು ಅಂತ ಕೂತುಬಿಟ್ಟೆ. ನಿಮ್ಮಣ್ಣನ ಕೊನೇ ಕೆಲಸ ಅಂದಿದ್ರಿ. ತಳ್ಕೊಂಡು ಹೋಗಿ, ಗುಟ್ಟಾಗಿ ಹೊಸದು ಹಾಕಿ, ಹಂಗೇ ಮುಚ್ಚಿಡೋಣ ಅಂತಿದ್ದೆ. ಜನ್ಮದಲ್ಲಿ ಬಾಯಿ ಬಿಡ್ತಿರಲಿಲ್ಲ."

"ಅಂದ್ರೆ ನೀವೂ ಅವನ ಹಾಗೇ ಸುಳ್ಳು ಹೇಳ್ತಿದ್ರಿ!" ಎಂದು ಅವಳು ಅವನ ಎದೆಗೆ ಗುದ್ದಿದಳು. ಎರಡನೆಯ ಗುದ್ದಿಗೆ ಕೈ ಎತ್ತಿದವಳು ಹಾಗೇ ಅವನ ಅಂಗಿ ಹಿಡಿದುಕೊಂಡು ಮುಖ ಒತ್ತಿ ಅತ್ತಳು. "ನನ್ನ ಹತ್ರ ಸುಳ್ಳು ಹೇಳ್ಬೇಡಿ. ನಾನು ತಡ್ಕೋತೀನಿ. ನೀವಿಲ್ಲದೆ ಮಾತ್ರ ಆಗಲ್ಲ. ಅದೇ ಹೇಳೋಣ ಅಂತಿದ್ದೆ."

"ಇದೇನಾ ಆ ಮಾತು?"

"ಇದೇ."

"ನಂದೂ ಅದೇ," ಎಂದ ಅವನು.

ಸ್ಕೂಟರನ್ನು ಗುಡಿಸಲಿನವರಿಗೆ ನೋಡಿಕೊಳ್ಳಲು ಹೇಳಿದರು. ಎಂಜಿನ್ ತಿರುಗದ ಹಾಗೆ ಗೇರು ತಪ್ಪಿಸಿ, ಬ್ರೇಕಿನ ಮೇಲೆ ಬೆರಳಿಟ್ಟು, ಇಳಿಜಾರಿನಲ್ಲಿ ಅವನು ಬೈಕನ್ನು ಮೆಲ್ಲಗೆ ಬಿಟ್ಟ. ಅವಳು ಹಿಂದೆ ಕೂತಿದ್ದಳು, ಎರಡೂ ಕೈಯಲ್ಲಿ ಅವನನ್ನು ಬಳಸಿ. ಮೊದಲ ಸವಾರಿ. ಗಲಗಲವಿಲ್ಲ, ಗುಡುಗಿಲ್ಲ, ಬರೀ ಗಾಳಿ. ಕಣಿವೆ ಈಗಲೂ ಪಕ್ಕದಲ್ಲೇ ಇತ್ತು. ಅವಳು ಅದರ ಕಡೆ ನೋಡಲಿಲ್ಲ.

ಇಳಿಜಾರು ಮುಗಿದ ಮೇಲೆ ಇಬ್ಬರೂ ತಳ್ಳಿದರು.

ಅಮ್ಮ ಗೇಟಿನ ಕಂಬ ಬಿಟ್ಟಿರಲಿಲ್ಲ. ಬೆಳಗಿನಿಂದ ಆ ಸದ್ದಿಗಾಗಿ ಕಿವಿಗೊಟ್ಟು, ಬರಲೇ ಇಲ್ಲವೆಂದು ಮನಸ್ಸು ಕಲ್ಲು ಮಾಡಿಕೊಂಡಿದ್ದವಳ ಮುಂದೆ ಬೈಕು ಸದ್ದಿಲ್ಲದೆ ಬಂದು ನಿಂತಿತು. ಅವಳು ಮೊದಲು ಮಗಳನ್ನು ಮುಟ್ಟಿದಳು, ಆಮೇಲೆ ಅವನನ್ನು, ತಲೆಯಿಂದ ಭುಜದ ತನಕ.

"ಒಳಗೆ ಬಾಪ್ಪಾ," ಎಂದಳು. "ಮೊದಲು ನೀರು ಕುಡಿ."

ಅಮ್ಮ ಒಳಗೆ ಹೋದ ಮೇಲೆ ಅವನು ಪ್ಯಾಕೆಟ್ಟನ್ನು ಅವಳಿಗೆ ಹಿಂದಿರುಗಿಸಿದ. "ಇವನ್ನೇ ಹಾಕೋಣ ಅಂತ ನಿಮಗನ್ನಿಸ್ತಿರಬಹುದು. ಆದ್ರೆ..."

"ಬೇಡ," ಎಂದಳು ಅವಳು. "ಇವಕ್ಕೂ ವಯಸ್ಸಾಗಿದೆ. ಹೊಸದು ತರಿಸಿ."

ಆ ಪ್ಯಾಕೆಟ್ಟನ್ನು ಅವಳು ಮತ್ತೆ ಅಣ್ಣನ ಬೂಟಿನೊಳಗೇ ಇಟ್ಟಳು. ಆಮೇಲೆ ಶೆಡ್ಡಿಗೆ ಹೋಗಿ, ಟಾರ್ಚನ್ನು ಅವನ ಕೈಗೆ ಕೊಟ್ಟು, ಸ್ಪ್ಯಾನರನ್ನು ತಾನು ತೆಗೆದುಕೊಂಡಳು.

"ಹಳೇದನ್ನ ನಾನೇ ಬಿಚ್ತೀನಿ. ನೀವು ಬೆಳಕು ಹಿಡೀರಿ."