ಫಿಲ್ಟರ್ ಬಟ್ಟಲಿನ ಸುಣ್ಣ

ಕಾರಿನ ಪೆಟ್ರೋಲ್ ಫಿಲ್ಟರಿನ ಗಾಜಿನ ಬಟ್ಟಲು ಕಳಚಿ ಬೆಳಕಿಗೆ ಹಿಡಿದವಳೇ ಶಿವರಂಜನಿ ದಂಗಾಗಿ ನಿಂತಳು.

ತಳದಲ್ಲಿ ಬೆರಳು ದಪ್ಪ ಬೆಳ್ಳಗಿನ ಗಸಿ!

ಮಾಂಬಳ್ಳಿಯ ಬಸವೇಶನ ಹಳೇ ಫಿಯಟ್ ಕಾರು ಕೊಳ್ಳೇಗಾಲದ ಅವಳ ಗ್ಯಾರೇಜಿಗೆ ಬಂದಿರುವುದು ಎರಡು ತಿಂಗಳಲ್ಲಿ ಇದು ಮೂರನೇ ಸಲ. ಮೂರು ಸಲವೂ ಒಂದೇ ರೋಗ, ಪೆಟ್ರೋಲ್ ಕಟ್ಟಿಕೊಂಡು ಗಾಡಿ ನಿಲ್ಲುವುದು.

ಟ್ಯಾಂಕಿನ ಪೆಟ್ರೋಲ್ ಮೊದಲು ಈ ಬಟ್ಟಲಿಗೆ ಇಳಿಯುತ್ತದೆ. ಕಸವನ್ನು ತಳದಲ್ಲಿ ಬಿಟ್ಟು, ಮೇಲಿನ ಜಾಲರಿ ಹಾದು ಇಂಜಿನ್ನಿಗೆ ಹೋಗುತ್ತದೆ. ಹೋದ ಸಲ ಮಣ್ಣು ಸಿಕ್ಕಿತ್ತೆಂದು ಟ್ಯಾಂಕನ್ನೇ ಇಳಿಸಿ ತೊಳೆದು, ಪೈಪು ಬದಲಿಸಿ, ಹೊಸ ಕಾರ್ಕ್ ವಾಷರ್ ಕೂರಿಸಿದ್ದಳು. ಹಾಗಾದರೆ ಇದು ಬಂದದ್ದಾದರೂ ಎಲ್ಲಿಂದ?

"ಅದೇ ಕಾರು ತಿರ್ಗಾ ಬಂತಾ?" ಜೀಪು ರಿಪೇರಿಗೆ ತಂದು ಬಾಗಿಲಲ್ಲಿ ನಿಂತಿದ್ದ ಹನೂರಿನ ರಾಜಣ್ಣ ಮುಖ ಕಿವುಚಿದ. "ಬೇಜಾರ್ ಮಾಡ್ಕಬ್ಯಾಡ ಕಣವ್ವ. ಎಣ್ಮಗ್ಳು ಮಾಡೋ ರಿಪೇರಿ ಎಷ್ಟ್ ದಿಸ ತಡೆದಾತು ಅಂತ ಎಲ್ರೂ ಆಡ್ಕತಾವ್ರೆ. ನನ್ ಜೀಪ್ನ ಮೈಸೂರ್ಗೇ ತಕಂಡೋಯ್ತೀನಿ."

ಅಷ್ಟು ಹೇಳಿ ಎದುರಿನ ಟೀ ಅಂಗಡಿಗೆ ಹೋಗಿ ಕೂತ.

ಅಪ್ಪ ಹಾಸಿಗೆ ಹಿಡಿದ ಮೇಲೆ ಸ್ಪ್ಯಾನರ್ ಹಿಡಿದವಳು ಶಿವರಂಜನಿ. ಹೆಸರು ಹೋದರೆ ಗ್ಯಾರೇಜೂ ಹೋದಂತೆ.

ಗಸಿಯನ್ನು ಬೆರಳಿಗೆ ಹಚ್ಚಿ ಉಜ್ಜಿದಳು. ಪೆಟ್ರೋಲ್ ಆರುತ್ತಲೇ ಬೆರಳು ಬೆಳ್ಳಗಾಯಿತು. ಸುಣ್ಣ... ರೇಷ್ಮೆ ಹುಳ ಪೊರೆ ಬಿಡುವಾಗ ಮೇಲೆ ಉದುರಿಸುವ ಸುಣ್ಣದ ಪುಡಿ. ಬಸವೇಶನ ಮನೆಯಲ್ಲಿ ಹುಳ ಸಾಕುತ್ತಾರೆಂದು ಅವನೇ ಹೇಳಿದ್ದ.

'ಅಂದರೆ ಇವನೇ... ನನ್ನ ಅಂಗಡಿ ಮುಚ್ಚಿಸೋಕೆ ಯಾರೋ ಕಳಿಸಿದ್ದಾರೆ. ಅಂಥವನ ದಾರಿಯನ್ನಾ ನಾನು ಹದಿನೈದು ದಿನದಿಂದ ಕಾದದ್ದು?'

"ಯಾರ್ರೀ ನಿಮ್ಮನ್ನ ಕಳ್ಸಿದ್ದು?" ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆದು ಬಂದ ಬಸವೇಶನ ಮುಖದೆದುರು ಬಟ್ಟಲು ಹಿಡಿದಳು.

ಬಸವೇಶ ಬಿಳಿಚಿಕೊಂಡ. "ಯಾರೂ ಇಲ್ಲ ಕಣ್ರಿ. ಮೊದಲ್ನೇ ಸಲ ನಿಜ್ವಾಗ್ಲೂ ಕೆಟ್ಟಿತ್ತು. ಆಮೇಲ್ ಎರಡು ಸಲ... ಹೋದ್ಸಲ ಮಣ್ಣು, ಈ ಸಲ ಸುಣ್ಣ, ನಾನೇ ಹಾಕ್ದೆ."

"ಯಾಕೆ?"

"ನೀವು ಮಾಡ್ಕೊಟ್ಟಿದ್ದು ಕೆಡಲ್ವಲ್ಲ. ಕೆಡದೇ ಇದ್ರೆ ಯಾವ ಮೊಕ ಇಟ್ಕಂಡು ಇಲ್ಲಿಗೆ ಬರ್ಲಿ?"

ಅವಳ ಎದೆ ಹಿಗ್ಗಿತು, ನಿಜ. ಅದರ ಬೆನ್ನಿಗೇ ಸಿಟ್ಟೂ ಉಕ್ಕಿತು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೆಟ್ಟಿದ್ದು ನಿಮ್ ಕಾರಲ್ಲ ರೀ, ನನ್ ಹೆಸ್ರು. ರಾಜಣ್ಣ ಜೀಪ್ ತಗೊಂಡ್ ಹೋಗ್ತಾವ್ರೆ, ಗೊತ್ತಾ?"

ಪಾಪ, ಪುಣ್ಯಾತ್ಮನಿಗೆ ಅದು ಹೊಳೆದೇ ಇರಲಿಲ್ಲ. ಪ್ರೀತಿ ತಲೆಗೇರಿದರೆ ಬುದ್ಧಿ ಮೊದಲು ಕೈಕೊಡುತ್ತದೆ. ಅವಳ ಕಣ್ಣು ತುಂಬಿದ್ದು ಕಂಡು ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ಸೀದಾ ರಸ್ತೆ ದಾಟಿದ.

'ಎಲ್ಲಿಗೆ ಹೋಗ್ತಾವ್ನೆ ಇವನು?'

ನಾಲ್ಕು ಜನರೆದುರು ಬಾಯಿ ಬಿಡಲೂ ನಾಚುವ ಬಸವೇಶ ಟೀ ಅಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ.

"ರಾಜಣ್ಣ, ಅವ್ರ ಕೆಲಸದಲ್ಲಿ ತಪ್ಪಿಲ್ಲ. ಈ ಸುಣ್ಣ ಸುರಿದೋನು ನಾನು. ಅವ್ರನ್ನ ನೋಡಕ್ಕೆ ಒಂದು ನೆಪ ಬೇಕಾಗಿತ್ತು."

ಶಿವರಂಜನಿ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು. ಸಂಜೆಯೊಳಗೆ ಈ ಮಾತು ಮಾಂಬಳ್ಳಿ ಮುಟ್ಟುತ್ತದೆ, ಅವನ ಮನೆಯನ್ನೂ ಮುಟ್ಟುತ್ತದೆ. ಅದೆಲ್ಲ ಗೊತ್ತಿದ್ದೂ ಅವನು ಹೇಳಿದ್ದ.

"ಪೆಟ್ರೋಲ್ಗೆ ಸುಣ್ಣ ಆಕ್ತಾರೇನ್ಲಾ?" ರಾಜಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಎದ್ದು ಬಂದು ಜೀಪಿನ ಕೀಲಿಯನ್ನು ಅವಳ ಕೈಗಿಟ್ಟ. "ಬ್ರೇಕ್ ಇಡೀತಿಲ್ಲ ಕಣವ್ವ. ನಿಧಾನವಾಗ್ ನೋಡು."

ಶಿವರಂಜನಿ ಬಟ್ಟಲನ್ನು ಬಸವೇಶನಿಂದ ಇಸಿದುಕೊಂಡು ಟ್ಯಾಂಕಿನ ಸಮೇತ ತೊಳೆದಳು, ಜಾಲರಿ ಊದಿದಳು, ವಾಷರ್ ಕೂರಿಸಿ ತಿರುಪು ಬಿಗಿದಳು. ಬಟ್ಟಲಿಗೆ ತಿಳಿ ಪೆಟ್ರೋಲ್ ತುಂಬಿತು. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು.

ಬಸವೇಶ ಮಾತ್ರ ಹೊರಡಲಿಲ್ಲ. "ಇನ್ಮೇಲೆ ಏನೂ ಹಾಕಲ್ಲ. ಅಂದ್ರೆ... ಇನ್ಮೇಲೆ ಬರಕ್ಕೂ ಆಗಲ್ಲ."

ಅವಳು ಕೈ ಒರೆಸುತ್ತ ತಲೆ ತಗ್ಗಿಸಿದಳು. "ಭಾನುವಾರ ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡಿ."

"ಕಾರಿಗೆ ಏನಾಗಿದೆ ಅಂತ ಹೇಳ್ಲಿ?"

"ಕಾರು ಊರಲ್ಲೇ ಬಿಡ್ರಿ. ಬಸ್ಸಲ್ಲಿ ಬನ್ನಿ."